ಪಾರ್ಕಿನ ರಸ್ತೆ ಯಾಕೆ ಬಂದ್ ಮಾಡುತ್ತಾರೆ?



ದೀಪಾವಳಿ ಸೂಟಿಯಲ್ಲಿ ನಾನು ಮಹಾಲಿಂಗಪುರದಿಂದ ಬಸ್ ಹತ್ತಿ ಬೆಂಗಳೂರಿಗೆ ಮಾಮಾನ ಮನೆಗೆ ಹೋಗಿದ್ದೆ. ರವಿವಾರ ಕಬ್ಬನ್ ಪಾರ್ಕ್ ನೋಡಲು ಹೋದಾಗ ಒಳಗಿನ ರಸ್ತೆಗೆ ಅಡ್ಡ ಬ್ಯಾರಿಕೇಡ್ ಇಟ್ಟಿದ್ದರು. "ರಸ್ತೆ ಕೆಲಸ ನಡದೈತೇನ್ರಿ ಮಾಮಾ?" ಅಂತ ಕೇಳಿದೆ. "ಇಲ್ಲೋ, ರವಿವಾರ ಇಲ್ಲಿ ಗಾಡಿ ಬಿಡೂದಿಲ್ಲ, ಮಂದಿ ಅಡ್ಡಾಡಲಿ ಅಂತ. ರಸ್ತೆ ಕೆಲಸ ಇದ್ದಾಗೂ ಹಿಂಗ ಬಂದ್ ಮಾಡ್ತಾರ" ಅಂದರು. ಕೆಲಸಕ್ಕಾಗಿ ರಸ್ತೆಯನ್ನು ಯಾಕೆ ಮುಚ್ಚಬೇಕು? ಕೇಳಿ ತಿಳಿದದ್ದನ್ನು ಬರೆದಿದ್ದೇನೆ.

ಕಬ್ಬನ್ ಪಾರ್ಕ್ ಶುರುವಾದದ್ದು 1870ರಲ್ಲಿ. ಆಗ ಮೈಸೂರು ರಾಜ್ಯದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಅದನ್ನು ಮಾಡಿಸಿದರು. ಅದರ ಸರಕಾರಿ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಇಂಥ ಸರಕಾರಿ ಉದ್ಯಾನಗಳನ್ನು ಕಾಪಾಡಲು 1975ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂತು. ಆದರೂ ಉದ್ಯಾನದ ನಡುವೆ ಗಾಡಿ ಓಡಾಡುವ ರಸ್ತೆಗಳಿವೆ. ರಸ್ತೆ ಅಂದ ಮೇಲೆ ರಿಪೇರಿ ಬಂದೇ ಬರುತ್ತದೆ.

ಮುಚ್ಚಲು ಮೂರು ಕಾರಣಗಳಿವೆ.

ಒಂದು, ಡಾಂಬರು. ಅದನ್ನು ಖಡಿ ಜೊತೆ ಕೂಡಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಬಿಸಿ ಇರುವಾಗಲೇ ರೋಲರ್ ಹೊಡೆಯಬೇಕು. ಆರಿದರೆ ಸರಿಯಾಗಿ ಕೂಡ್ರುವುದಿಲ್ಲ. ನಡುವೆ ಗಾಡಿ ಬಿಟ್ಟರೆ ಕೆಲಸಗಾರರ ಜೀವಕ್ಕೂ ಅಪಾಯ.

ಎರಡು, ಗಿಡಗಳು. ಗಿಡದ ಸಣ್ಣ ಬೇರುಗಳು ಬಹಳಷ್ಟು ಮೇಲಿನ ಮಣ್ಣಿನಲ್ಲೇ ಹರಡಿರುತ್ತವೆ. ಅವಸರದಿಂದ ಜೆಸಿಬಿ ಹಚ್ಚಿ ಅಗೆದರೆ ಬೇರು ಕಡಿಯುತ್ತವೆ. ಭಾರದ ಗಾಡಿ ಬುಡದ ಹತ್ತಿರ ಹಾದರೆ ಮಣ್ಣು ಒತ್ತಿ ಗಾಳಿ, ನೀರು ಇಳಿಯುವುದಿಲ್ಲ. ರಸ್ತೆ ಮುಚ್ಚಿದ್ದರೆ ಸಾವಕಾಶ ನೋಡಿ ಅಗೆಯಬಹುದು.

ಮೂರು, ಸಿಮೆಂಟ್. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಅಂತ ನಾನು ತಿಳಿದಿದ್ದೆ. ಅದು ತಪ್ಪು. ನೀರಿನ ಜೊತೆ ಕೂಡಿಯೇ ಅದು ಗಟ್ಟಿಯಾಗುತ್ತದೆ. ಅದಕ್ಕೇ ಗೋಣಿಚೀಲ ಹಾಸಿ ದಿನಾ ನೀರು ಹೊಡೆಯುತ್ತಾರೆ. 7 ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬರುತ್ತದೆ. ಪೂರ್ತಿ ಬಲವನ್ನು 28 ದಿನಕ್ಕೆ ಲೆಕ್ಕ ಹಿಡಿಯುತ್ತಾರೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಹೋದ ವರ್ಷ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಹಾಕಿದ ದಿನವೇ ಸಂಜೆ ನಾನು ಕಲ್ಲು ಸರಿಸಿ ಸೈಕಲ್ ಹೊಡೆದೆ. ಗಾಲಿಯ ಗೆರೆ ಹಂಗ ಉಳೀತು. ಮಳೆಗಾಲದಲ್ಲಿ ಅದರೊಳಗ ನೀರು ನಿಂತು ಪಾಚಿ ಕಟ್ಟಿತು. ನಮ್ಮ ಆಯಿ ಅಲ್ಲೇ ಜಾರಿ ಬಿದ್ದಳು. ಎಂಟು ದಿನ ಮೊಣಕಾಲು ಬಾತಿತ್ತು. ಯಾರ ಸೈಕಲ್ ಅಂತ ಆಯಿಗೆ ಇನ್ನೂ ಹೇಳಿಲ್ಲ. ಇದನ್ನು ಅಂಟಿಸಿದ ದಿನ ಹೇಳುತ್ತೇನೆ.

ಆದರೆ ಮುಚ್ಚುವವರದೂ ಒಂದು ಕರ್ತವ್ಯ ಐತಿ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಪ್ರಕಾರ ಗಾಡಿ ಓಡಾಟವನ್ನು ತಡೆಯಬಹುದು. ಒಂದು ತಿಂಗಳು ಮೀರದಿದ್ದರೆ ಸರಕಾರಿ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಿಲ್ಲ. ಆದರೆ ಸಾಧ್ಯವಿದ್ದಷ್ಟು ಮಟ್ಟಿಗೆ ಆ ಊರಿನ ಜನರಿಗೆ ತಿಳಿಸಲೇಬೇಕು. ನಮ್ಮ ಓಣಿಯಲ್ಲಿ ಬರೀ ಎರಡು ಕಲ್ಲು ಇಟ್ಟಿದ್ದರು, ಬೋರ್ಡು ಇರಲಿಲ್ಲ. ಎಷ್ಟು ದಿನ, ಯಾವ ಕಡೆ ಸುತ್ತಿ ಹೋಗಬೇಕು ಅಂತ ಬರೆದಿದ್ದರೆ ಕಬ್ಬಿನ ಟ್ರ್ಯಾಕ್ಟರ್‌ನವರೂ ಬಂದು ಹಿಂದಕ್ಕೆ ಹೋಗುತ್ತಿರಲಿಲ್ಲ.

ಗುರುಗಳಲ್ಲಿ ಒಂದು ವಿನಂತಿ. ಊರಾಗ ರಸ್ತೆ ಕೆಲಸ ಇದ್ದಾಗ ಈ ಭಿತ್ತಿಪತ್ರಿಕೆಯ ಕೆಳಗಿನ ಮೂಲೆಯಲ್ಲಿ ಎರಡು ಸಾಲು ಜಾಗ ಬಿಡಿ. ಯಾವ ರಸ್ತೆ, ಎಷ್ಟು ದಿನ ಬಂದ್ ಅಂತ ನಾವು ಪಂಚಾಯತಿಯಲ್ಲಿ ಕೇಳಿಕೊಂಡು ಬಂದು ಬರೆಯುತ್ತೇವೆ. ಗೆಳೆಯರೇ, ನೀವು ಮಾತ್ರ ಕಲ್ಲು ಸರಿಸಬೇಡಿರಿ.

— 7ನೇ ತರಗತಿಯ ವಿದ್ಯಾರ್ಥಿ