ಡಬ್ಬಿಯೊಳಗೆ ಹೊಸತೆಷ್ಟು, ಹೊಗಳಿಕೆ ಎಷ್ಟು?

ಹಬ್ಬ ಹತ್ತಿರ ಬಂದರೆ ಸಾಕು, ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಬಣ್ಣದ ಬ್ಯಾನರುಗಳು ಏಳುತ್ತವೆ. ‘ಹೊಸ ಮಾಡಲ್’, ‘ಹೊಸ ಟೆಕ್ನಾಲಜಿ’. ಹೋದ ವರ್ಷದ ಫ್ಯಾನಿಗೆ ಈ ವರ್ಷ ಬಂಗಾರದ ಗೆರೆ ಎಳೆದರೂ ಅದು ಹೊಸದೇ! ಹಾಗಾದರೆ ನಿಜವಾದ ಹೊಸದು ಯಾವುದು, ಬಾಯಿಮಾತಿನ ಹೊಸದು ಯಾವುದು? ದುಡ್ಡು ಎಣಿಸುವ ಮುಂಚೆ ಗಿರಾಕಿ ಕೇಳಲೇಬೇಕಾದ ಪ್ರಶ್ನೆ ಇದು.

ನಿಜವಾದ ಹೊಸದು ನೋಡಬೇಕಾದರೆ ಅಡುಗೆಮನೆಗೇ ಹೋಗಬೇಕು. 1960ರ ದಶಕದಲ್ಲಿ ಇಲ್ಲಿಗೆ ಬಂದ ವಿದೇಶಿ ಮಿಕ್ಸರುಗಳು ಹಣ್ಣಿನ ರಸಕ್ಕೆ ಸರಿ. ಒಣಮೆಣಸಿನಕಾಯಿ, ಕೊಬ್ಬರಿ, ನೆನೆಸಿದ ಉದ್ದಿನಬೇಳೆ ಹಾಕಿದರೆ ಮೋಟಾರು ತಡೆಯುತ್ತಿರಲಿಲ್ಲ. ಮನೆಯ ಜರ್ಮನ್ ಮಿಕ್ಸರ್ ಹೀಗೆ ಕೈಕೊಟ್ಟಾಗ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆ ಅರೆಯುವಂಥ ಗಟ್ಟಿ ಮೋಟಾರನ್ನು ತಾವೇ ರೂಪಿಸಿದರು. ‘ಸುಮೀತ್’ ಹುಟ್ಟಿದ್ದು ಹಾಗೆ. ಎಷ್ಟೋ ಹೆಂಗಸರಿಗೆ ಒರಳುಕಲ್ಲಿನ ಮುಂದೆ ಸೊಂಟ ಮುರಿದುಕೊಳ್ಳುವುದು ತಪ್ಪಿತು. ಜಾಹೀರಾತು ಇರಲಿಲ್ಲ ಅಂತಲ್ಲ. ಆದರೆ ಅರೆದದ್ದು ಮೋಟಾರು, ಜಾಹೀರಾತಲ್ಲ.

ಇದರ ತದ್ವಿರುದ್ಧ ನಡೆದದ್ದು 2016ರ ಫೆಬ್ರವರಿಯಲ್ಲಿ. ದಿಲ್ಲಿ ಪಕ್ಕದ ನೋಯ್ಡಾದ ಕಂಪನಿಯೊಂದು 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡ್ತೀವಿ ಎಂದು ಸಾರಿತು. ಮೊದಲ ದಿನವೇ ವೆಬ್‌ಸೈಟ್ ನೂಕುನುಗ್ಗಲಿಗೆ ಕುಸಿಯಿತು. ಪತ್ರಕರ್ತರ ಕೈಗೆ ಕೊಟ್ಟ ಮಾದರಿ ಫೋನನ್ನು ತಿರುವಿ ನೋಡಿದರೆ ಬೇರೆ ಕಂಪನಿಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದಿತ್ತು! ಮರುವರ್ಷ ವಿತರಕರೊಬ್ಬರ ವಂಚನೆ ದೂರಿನ ಮೇಲೆ ಕಂಪನಿಯ ಮುಖ್ಯಸ್ಥನನ್ನು ಪೊಲೀಸರು ಹಿಡಿದರು. ಹೊಸತನ ಇದ್ದದ್ದು ಪ್ರಚಾರದಲ್ಲಿ ಮಾತ್ರ.

ಇವೆರಡರ ನಡುವೆ ಗಿರಾಕಿಯನ್ನು ಪೇಚಿಗೆ ಸಿಕ್ಕಿಸುವ ಸರಕೂ ಇದೆ. ಈಗ ಎಲ್ಲ ಕಡೆ ಮಾತಾಗಿರುವ ಬಿಎಲ್‌ಡಿಸಿ ಫ್ಯಾನನ್ನೇ ನೋಡಿ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ. ಇದಕ್ಕೆ 30 ವ್ಯಾಟ್ ಆಸುಪಾಸು ಸಾಕು. ಒಳಗೆ ಕಾಯಂ ಅಯಸ್ಕಾಂತ, ಕರೆಂಟನ್ನು ಲೆಕ್ಕ ಹಾಕಿ ಬಿಡಲು ಒಂದು ಎಲೆಕ್ಟ್ರಾನಿಕ್ ಬೋರ್ಡು. ಇದು ಬಣ್ಣದ ಮಾತಲ್ಲ, ನಿಜವಾದ ಸುಧಾರಣೆ.

ಆದರೆ ಯಾರಿಗೆ ಲಾಭ? ದಿನಕ್ಕೆ 12 ತಾಸು ಫ್ಯಾನ್ ಹಾಕುವ ಅಂಗಡಿಯ ಲೆಕ್ಕ ಹಿಡಿಯಿರಿ. ಹಳೆಯದಕ್ಕೆ ತಿಂಗಳಿಗೆ 27 ಯೂನಿಟ್, ಹೊಸದಕ್ಕೆ 11. ಉಳಿತಾಯ 16 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂತಿಟ್ಟುಕೊಂಡರೆ 112 ರೂಪಾಯಿ. ಫ್ಯಾನಿಗೆ 1500 ರೂಪಾಯಿ ಹೆಚ್ಚು ಕೊಟ್ಟಿದ್ದರೂ 14 ತಿಂಗಳಲ್ಲಿ ವಾಪಸ್. 2023ರಲ್ಲಿ ಬಂದ ಗೃಹಜ್ಯೋತಿ ಮನೆಗಳಿಗೆ, ಅಂಗಡಿ ಮೀಟರಿಗಲ್ಲ. ಹಾಗಾಗಿ ವ್ಯಾಪಾರಿಗೆ ಈ ಲೆಕ್ಕ ಮುಖ್ಯ. ಅದೇ ಫ್ಯಾನನ್ನು ಮಧ್ಯಾಹ್ನ 2 ತಾಸು ಮಾತ್ರ ತಿರುಗಿಸುವ ಕೋಣೆಗೆ ಹಾಕಿದರೆ ದುಡ್ಡು ಹುಟ್ಟಲು ಆರು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ಬೋರ್ಡು ಕೆಟ್ಟರೆ? ಬೀದಿ ಮೂಲೆಯ ವೈಂಡಿಂಗ್ ಅಂಗಡಿಯವರು ಹಳೆ ಫ್ಯಾನಿಗೆ ತಂತಿ ಸುತ್ತಿ ಕೊಡ್ತಾರೆ. ಬೋರ್ಡಿಗೆ ತಂತಿ ಸುತ್ತೋಕಾಗಲ್ಲ.

ಇನ್ನು ಅದಕ್ಕೆ ಅಂಟಿಸಿರುವ ಬಣ್ಣದ ದೀಪ, ಫೋನಿನಿಂದ ಫ್ಯಾನ್ ಹಾಕುವ ಸೌಕರ್ಯ? ಬೇಕಾದವರಿಗೆ ಇರಲಿ. ಅದರಿಂದ ಗಾಳಿಯೇನೂ ಹೆಚ್ಚಲ್ಲ, ಬೆಲೆ ಮಾತ್ರ ಹೆಚ್ಚು.

2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸರ್ಕಾರದ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ. ಒಂದು ವ್ಯಾಟಿಗೆ ಎಷ್ಟು ಗಾಳಿ ಎಂಬುದರ ಮೇಲೆ ನಕ್ಷತ್ರ ಸಿಗುತ್ತದೆ. ಸಿನಿಮಾ ನಟರ ಮುಖ ಡಬ್ಬಿಯ ಮೇಲಿರಲಿ, ಗಿರಾಕಿಯ ಕಣ್ಣು ಚೀಟಿಯ ಮೇಲಿರಬೇಕು. ಅಂಗಡಿಯವರಿಗೂ ಎರಡು ಪ್ರಶ್ನೆ: ಎಷ್ಟು ವ್ಯಾಟ್? ಕೆಟ್ಟರೆ ರಿಪೇರಿ ಯಾರು, ಈ ಊರಲ್ಲೇನಾ? ಉತ್ತರ ನೆಟ್ಟಗೆ ಬಂದರೆ ಬಿಲ್ ಬರೆಸಿ. ‘ಹೊಸ ಟೆಕ್ನಾಲಜಿ ಸಾರ್’ ಅನ್ನೋದಷ್ಟೇ ಉತ್ತರವಾದರೆ ಪಕ್ಕದ ಅಂಗಡಿ ಇದ್ದೇ ಇದೆ.