ಬಾಯಿಗೆ ಚಳಿ ಹಿಡಿಸಿದವರು ಯಾರು?

ಊಟಿಗೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ. ನೀಲಗಿರಿ ಎಣ್ಣೆಯ ಬಾಟಲಿ, ವರ್ಕಿ, ಕ್ಯಾರೆಟ್ಟು, ಕೊನೆಗೆ ಒಂದು ಡಬ್ಬಿ ‘ಹೋಮ್‌ಮೇಡ್’ ಚಾಕೊಲೇಟು. ಘಾಟಿ ಇಳಿದು, ಬಂಡೀಪುರದ ಕಾಡು ದಾಟಿದ ಕಾರುಗಳು ಗುಂಡ್ಲುಪೇಟೆಯಲ್ಲಿ ಟೀ ಕುಡಿಯಲು ನಿಂತಾಗ ಆ ಡಬ್ಬಿ ಹೊರಬರುತ್ತದೆ. ಪುದೀನ ಹಾಕಿದ ಕಪ್ಪು ಚಾಕೊಲೇಟಿನ ತಕರಾರು ಶುರುವಾಗುವುದು ಅಲ್ಲಿಯೇ. 2,240 ಮೀಟರ್ ಎತ್ತರದ ಊಟಿಯ ಅಂಗಡಿಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ಗಿಟ್ಟಿಸಿದ್ದ ತುಂಡು, ಸುಮಾರು 800 ಮೀಟರಿಗೆ ಇಳಿದ ಮೇಲೆ, ಅದರಲ್ಲೂ ಏಪ್ರಿಲ್ ಮಧ್ಯಾಹ್ನವಾದರೆ, ಏಳಕ್ಕೋ ಆರಕ್ಕೋ ಬಂದು ನಿಲ್ಲುತ್ತದೆ. ಚಾಮರಾಜನಗರ ಮುಟ್ಟುವ ಹೊತ್ತಿಗೆ ಇನ್ನೊಂದು ಅಂಕ ಖೋತಾ. ಅಂಗಡಿಯವನು ಟೋಪಿ ಹಾಕಿದ ಎಂದು ಬೈಯುವುದು ಸುಲಭ. ಟೋಪಿ ಬಿದ್ದಿರುವುದೇನೋ ನಿಜ, ಆದರೆ ಹಾಕಿದವರು ಬೇರೆ.

ಇಂಥ ಚಾಕೊಲೇಟಿನಲ್ಲಿ ಎರಡು ತಂಪುಗಳಿರುತ್ತವೆ. ಮೊದಲನೆಯದು ಅಸಲಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಬಾಯಿ ಅದಕ್ಕಿಂತ ತುಸು ಬಿಸಿ. ಕರಗಲು ಬೇಕಾದ ಶಾಖವನ್ನು ಅದು ನಾಲಿಗೆಯಿಂದಲೇ ಕಿತ್ತುಕೊಳ್ಳುವುದರಿಂದ ನಾಲಿಗೆ ನಿಜಕ್ಕೂ ಒಂದಿಷ್ಟು ತಣ್ಣಗಾಗುತ್ತದೆ. ಎರಡನೆಯ ತಂಪು ಪುದೀನದ್ದು. ಥರ್ಮಾಮೀಟರು ಇಟ್ಟು ಹುಡುಕಿದರೆ ಅದು ಸಿಗುವುದೇ ಇಲ್ಲ. ಶಾಖ ಇಳಿಯದೆ ಚಳಿ ಎಲ್ಲಿಂದ ಬಂತು? ಇದರ ಜಾಡು ಹಿಡಿಯಲು ವಿಜ್ಞಾನಕ್ಕೆ 230 ವರ್ಷ ಬೇಕಾಯಿತು.

1771ರಲ್ಲಿ ಹಾಲೆಂಡಿನ ಲೈಡನ್ ನಗರದ ವೈದ್ಯ ಗೌಬಿಯಸ್, ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಕರ್ಪೂರದಂಥ ಹರಳು ಕಂಡದ್ದನ್ನು ಬರೆದಿಟ್ಟರು. ಅದೇ ಮೆಂತಾಲ್. ನಮಗೆ ಅದು ಅಪರಿಚಿತವೇನಲ್ಲ. ಬೀಡಾ ಅಂಗಡಿಯವನು ಎಲೆ ಮಡಿಸುವ ಮುಂಚೆ ಉದುರಿಸುವ ಚಿಟಿಕೆ ಹರಳಿನಲ್ಲಿ, ತಲೆನೋವಿನ ಮುಲಾಮಿನಲ್ಲಿ ಇರುವುದು ಅದೇ. ಚಾಮರಾಜನಗರದ ಮಾರುಕಟ್ಟೆಯಲ್ಲಿ ಕೊತ್ತಂಬರಿಯ ಪಕ್ಕ ಕಟ್ಟು ಕಟ್ಟಿ ಮಾರುವ ಪುದೀನದಲ್ಲಿ ಮಾತ್ರ ಅದು ಬಲು ಕಡಿಮೆ. ಚಟ್ನಿಗೆ ಬೀಳುವ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್ ಜಾತಿಯದು. ಅದರ ಘಮ ಕಾರ್ವೋನ್ ಎಂಬ ಬೇರೊಂದು ವಸ್ತುವಿನದು. ಮೂಗಿಗೆ ಹಬ್ಬ, ನಾಲಿಗೆಗೆ ಚಳಿಯಿಲ್ಲ. ಚಾಕೊಲೇಟಿಗೆ ಸಾಮಾನ್ಯವಾಗಿ ಬಳಸುವುದು ಪೆಪ್ಪರ್‌ಮಿಂಟ್ ಎಣ್ಣೆ. ಇನ್ನು ಹರಳಿಗಾಗಿಯೇ ಬೆಳೆಯುವ ಮೆಂತಾಲ್ ಪುದೀನಕ್ಕೆ ಉತ್ತರ ಪ್ರದೇಶದ ಬಾರಾಬಂಕಿ ಕಡೆಯ ಹೊಲಗಳು ಹೆಸರುವಾಸಿ.

ಮೆಂತಾಲ್ ಬೇಗ ಆವಿಯಾಗುತ್ತದೆ. ಆದ್ದರಿಂದ, ಸ್ಪಿರಿಟ್ ಹಚ್ಚಿದ ಕೈ ತಣ್ಣಗಾದಂತೆ ಇದೂ ಆವಿಯಾಗುತ್ತ ಶಾಖ ಒಯ್ಯುತ್ತದೆ ಎಂದುಕೊಳ್ಳುವುದು ಸಹಜ. 1951ರಲ್ಲಿ ಹರ್ಬರ್ಟ್ ಹೆನ್ಸೆಲ್ ಮತ್ತು ಸ್ವೀಡನ್ನಿನ ಇಂಗ್ವೆ ಜೊಟ್ಟರ್‌ಮನ್ ಬೆಕ್ಕಿನ ನಾಲಿಗೆಯ ನರದಲ್ಲಿ ಹರಿಯುವ ವಿದ್ಯುತ್ ಮಿಡಿತವನ್ನೇ ಅಳೆದು ನೋಡಿದರು. ತಂಪಿನ ಸುದ್ದಿ ಒಯ್ಯಲೆಂದೇ ಕೆಲವು ಎಳೆಗಳಿವೆ. ನಾಲಿಗೆ ಬೆಚ್ಚಗಿದ್ದಾಗ ಅವು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಮೆಂತಾಲ್ ಸೋಕಿದ ಮೇಲೆ ಅವು ಬೆಚ್ಚಗಿನ ನಾಲಿಗೆಯಲ್ಲೇ ಮಿಡಿಯತೊಡಗಿದವು. ಅಂದರೆ ಮೆಂತಾಲ್ ನಾಲಿಗೆಯನ್ನು ತಣಿಸುತ್ತಿಲ್ಲ, ನೇರವಾಗಿ ನರಕ್ಕೇ ಸುಳ್ಳು ಹೇಳುತ್ತಿದೆ. ನರದ ಯಾವ ಜಾಗದಲ್ಲಿ? ಅದನ್ನು ಹುಡುಕುವ ಉಪಾಯ ಆ ಕಾಲಕ್ಕೆ ಇರಲಿಲ್ಲ.

ಸುಳಿವು ಸಿಕ್ಕಿದ್ದು ಮೆಣಸಿನಕಾಯಿಯಿಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯಸ್ ಮತ್ತು ತಂಡದವರು, ಖಾರದ ಸಾರವಾದ ಕ್ಯಾಪ್ಸೈಸಿನ್ ಹೋಗಿ ಕೂರುವ ಪ್ರೋಟೀನನ್ನು 1997ರಲ್ಲಿ ಪತ್ತೆ ಮಾಡಿದರು. ಅದು ನರಕೋಶದ ಗೋಡೆಯಲ್ಲಿರುವ ಪುಟ್ಟ ಬಾಗಿಲು. ಕ್ಯಾಪ್ಸೈಸಿನ್ ಬಂದರೂ ತೆರೆದುಕೊಳ್ಳುತ್ತದೆ, ಶಾಖ ಸುಮಾರು 43 ಡಿಗ್ರಿ ದಾಟಿದರೂ ತೆರೆದುಕೊಳ್ಳುತ್ತದೆ. ಆರಿದ ಸಾರಿನಲ್ಲಿ ಹೇಗೋ ತಡೆದುಕೊಂಡ ಖಾರ, ಕುದಿಕುದಿ ಸಾರಿನಲ್ಲಿ ಕಣ್ಣೀರು ಬರಿಸುವುದು ಇದರಿಂದಲೇ. ಬಿಸಿಗೂ ಖಾರಕ್ಕೂ ಒಂದೇ ಬಾಗಿಲಾದರೆ, ಚಳಿಗೂ ಪುದೀನಕ್ಕೂ ಮತ್ತೊಂದು ಇರಲೇಬೇಕಲ್ಲ?

ಆ ಬಾಗಿಲನ್ನು ಹುಡುಕಿದ ಬಗೆ ಸೊಗಸಾಗಿದೆ. ಜೂಲಿಯಸ್ ಅವರ ಪ್ರಯೋಗಾಲಯದ ಡೇವಿಡ್ ಮೆಕೆಮಿ ಮತ್ತು ಜೊತೆಗಾರರು ಇಲಿಯ ಬಾಯಿ, ಮುಖಗಳ ಸಂವೇದನೆ ಒಯ್ಯುವ ನರಕೋಶಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಕೆಲಸ ಮಾಡುತ್ತಿದ್ದ ಜೀನುಗಳ ನಕಲುಗಳನ್ನು ಗುಂಪುಗುಂಪಾಗಿ, ಮೆಂತಾಲಿಗೆ ಜಗ್ಗದ ಬೇರೆ ಜೀವಕೋಶಗಳೊಳಗೆ ಸೇರಿಸಿದರು. ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗಿದರೆ ಹೊಳಪು ಬದಲಿಸುವ ಬಣ್ಣವನ್ನೂ ತುಂಬಿಸಿದರು. ಆಮೇಲೆ ಮೆಂತಾಲ್ ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹೊಳಪು ಬದಲಾಗದ ಗುಂಪನ್ನು ಬದಿಗಿಡುವುದು; ಬದಲಾದ ಗುಂಪನ್ನು ಒಡೆದು ಮತ್ತೆ ಅದೇ ಪರೀಕ್ಷೆ. ಹೀಗೆ ಸೋಸುತ್ತ ಹೋದಾಗ ಕೊನೆಗೆ ಒಂದೇ ಒಂದು ಜೀನು ಉಳಿಯಿತು. ಅದನ್ನು ಪಡೆದ ಕೋಶದ ಮೇಲೆ ಮೆಂತಾಲೇ ಇಲ್ಲದ ತಣ್ಣನೆಯ ದ್ರಾವಣ ಹಾಯಿಸಿದರು. ಆಗಲೂ ಕೋಶ ಹೊಳೆಯಿತು.

ಅದೇ ಹೊತ್ತಿಗೆ ಸ್ಯಾನ್ ಡಿಯಾಗೊದ ಆರ್ಡೆಮ್ ಪಟಪೌಟಿಯನ್ ಅವರ ತಂಡ ಖಾರದ ಬಾಗಿಲಿನ ಸಂಬಂಧಿಕರನ್ನು ಹುಡುಕುತ್ತ ಬೇರೆ ದಾರಿಯಿಂದ ಅಲ್ಲಿಗೇ ಬಂದು ತಲುಪಿತ್ತು. 2002ರ ಮಾರ್ಚ್‌ನಲ್ಲಿ ಒಬ್ಬರದು ‘ನೇಚರ್’ನಲ್ಲಿ, ಇನ್ನೊಬ್ಬರದು ‘ಸೆಲ್’ನಲ್ಲಿ ಪ್ರಕಟವಾಯಿತು. ಈಗ ಅದರ ಹೆಸರು ಟಿಆರ್‌ಪಿಎಂ8. ತಮಾಷೆಯೆಂದರೆ ಈ ಜೀನು ಹಿಂದಿನ ವರ್ಷವೇ ಪ್ರಾಸ್ಟೇಟ್ ಗ್ರಂಥಿಯ ಅಧ್ಯಯನದಲ್ಲಿ ಸಿಕ್ಕಿತ್ತು. ಚಳಿಗೂ ಅದಕ್ಕೂ ನಂಟಿದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ. 2007ರಲ್ಲಿ ಈ ಜೀನಿಲ್ಲದ ಇಲಿಗಳನ್ನು ಸಾಕಿ ನೋಡಿದಾಗ, ಉಳಿದ ಇಲಿಗಳು ದೂರ ಸರಿಯುವ ತಂಪು ನೆಲದ ಮೇಲೂ ಅವು ಆರಾಮಾಗಿ ನಿಂತವು. ಶಾಖ ಮತ್ತು ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಜೂಲಿಯಸ್ ಮತ್ತು ಪಟಪೌಟಿಯನ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಈಗ ಕಳೆದುಹೋದ ಅಂಕಗಳ ಲೆಕ್ಕ ಬಗೆಹರಿಯುತ್ತದೆ. ಈ ಬಾಗಿಲು ಸುಮಾರು 28 ಡಿಗ್ರಿಗಿಂತ ಕೆಳಗೆ ತಾನಾಗಿ ತೆರೆಯತೊಡಗುತ್ತದೆ. ಮೆಂತಾಲ್ ಬಂದು ಕೂತರೆ ಅದಕ್ಕಿಂತ ಬೆಚ್ಚಗಿರುವಾಗಲೇ ತೆರೆಯುತ್ತದೆ. ಜೊತೆಗೆ ನಿಜವಾದ ತಂಪೂ ಸೇರಿದರೆ ಪೂರಾ ತೆರೆದುಕೊಳ್ಳುತ್ತದೆ. ಊಟಿಯಲ್ಲಿ ಪುದೀನ ಚಾಕೊಲೇಟು ಬಾಯಿಗಿಟ್ಟು ಉಸಿರೆಳೆದರೆ ಒಳಬರುವುದು ಬೆಟ್ಟದ ತಣ್ಣನೆ ಗಾಳಿ. ಗುಂಡ್ಲುಪೇಟೆಯ ಬೇಸಿಗೆಯಲ್ಲಿ ಎಳೆದ ಉಸಿರು ಹೆಚ್ಚುಕಡಿಮೆ ಬಾಯಿಯಷ್ಟೇ ಬಿಸಿ. ಎಣ್ಣೆ ಅಷ್ಟೇ ಇದೆ, ಅಂಕ ಕೊಡುವ ನರಕ್ಕೆ ಸಿಗುವ ಬೆಂಬಲ ಕಡಿಮೆಯಾಗಿದೆ. ತಿಂದ ಕೂಡಲೇ ಒಂದು ಗುಟುಕು ತಣ್ಣೀರು ಕುಡಿದರೆ, ಬರೀ ನೀರೇ ಐಸ್‌ನಂತೆ ಹಲ್ಲು ಜುಮ್ಮೆನಿಸುವುದೂ ಇದೇ ಲೆಕ್ಕದಲ್ಲಿ.

ಇನ್ನೊಂದಿಷ್ಟು ಅಂಕ ಹೋಗುವುದು ಕೋಕೋ ಬೆಣ್ಣೆಯ ಪಾಲಿನದು. ಕಾರಿನಲ್ಲಿ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬಿಳಿ ಪುಡಿ ಬಳಿದಂತಾಗುತ್ತದೆ. ಅದು ಬೂಷ್ಟಲ್ಲ, ಮೇಲೆ ಬಂದ ಕೊಬ್ಬು. ತಿಂದರೆ ತೊಂದರೆಯಿಲ್ಲ, ಆದರೆ ಮುರಿದಾಗ ಬರುವ ಟಕ್ಕೆಂಬ ಸದ್ದೂ, ನಾಲಿಗೆಯ ಮೇಲೆ ಜಾರುವ ನುಣುಪೂ ಹೋಗಿರುತ್ತವೆ.

ಹಾಗಾದರೆ ನ್ಯಾಯವಾಗಿ ಅಂಕ ಕೊಡುವುದು ಹೇಗೆ? ರುಚಿಯನ್ನು ಕಸುಬಾಗಿ ಅಳೆಯುವವರು, ಮೈಸೂರಿನ ಸಿಎಫ್‌ಟಿಆರ್‌ಐಯಲ್ಲೂ ಅದಕ್ಕೊಂದು ವಿಭಾಗವಿದೆ, ಮಾದರಿಗಳ ಹೆಸರು ಮುಚ್ಚಿ ಬರೀ ಅಂಕೆ ಹಾಕಿಡುತ್ತಾರೆ. ಎಲ್ಲವನ್ನೂ ಒಂದೇ ಜಾಗದಲ್ಲಿ ಕೂತು, ನಡುನಡುವೆ ಬಾಯಿ ಮುಕ್ಕಳಿಸಿ ನೋಡುತ್ತಾರೆ. ಮನೆಯಲ್ಲಾದರೆ ಪುದೀನ ಇಲ್ಲದ್ದನ್ನು ಮೊದಲು ತಿನ್ನಿ. ಪುದೀನದ ತುಂಡುಗಳ ನಡುವೆ ಸಾಕಷ್ಟು ಬಿಡುವು ಕೊಡಿ, ಮೆಂತಾಲಿಗೆ ಒಗ್ಗಿದ ನರ ಎರಡನೆಯದಕ್ಕೆ ಅನ್ಯಾಯ ಮಾಡುತ್ತದೆ. ತುಂಡನ್ನು ಅಗಿಯದೆ ಕರಗಲು ಬಿಡಿ. ಚಳಿ ಏರಿ ಇಳಿಯುವವರೆಗೆ ಪೆನ್ನು ಮುಟ್ಟಬೇಡಿ. ಚಳಿ ಹೋದ ಮೇಲೂ ಕೋಕೋದ ಕಹಿ, ತುಸು ಹುಳಿ, ಹುರಿದ ಘಮ ಬಾಯಲ್ಲಿ ಉಳಿದಿದ್ದರೆ ಧಾರಾಳವಾಗಿ ಅಂಕ ಕೊಡಿ. ಅಂಗುಳಿಗೆ ಮೇಣ ಮೆತ್ತಿದಂತಾದರೆ ಡಬ್ಬಿ ತಿರುಗಿಸಿ ನೋಡಿ. ಕೋಕೋ ಬೆಣ್ಣೆಯ ಜಾಗದಲ್ಲಿ ವನಸ್ಪತಿ ಕೊಬ್ಬು ಎಂದು ಬರೆದಿದ್ದರೆ ಅಂಕವೆಲ್ಲ ಪುದೀನಕ್ಕೇ ಹೋಗಲಿ, ಚಾಕೊಲೇಟಿಗೆ ಬೇಡ.