ಎರಡು ನಿಲ್ದಾಣಗಳ ನಡುವಣ ಲೆಕ್ಕ

ಜೀವಮಾನವೆಲ್ಲ ಛಂದಸ್ಸು, ಅಲಂಕಾರಗಳ ಪಾಠ ಹೇಳಿದ ನಾನು ಚಲನಶಾಸ್ತ್ರದ ಲೆಕ್ಕವೊಂದನ್ನು ಕುರಿತು ಮಾತನಾಡಹೊರಟಿರುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಈ ಲೆಕ್ಕದಲ್ಲಿ ನಾನು ಸೋತೆ. ಸೋತದ್ದರಿಂದಲೇ ಒಂದು ತಿಳಿವು ಬಂದಿತು.

ಬೆಂಗಳೂರಿನಲ್ಲಿ ಮೆಟ್ರೋ ರೈಲು ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು. ಈಚೆಗೆ ಅದರಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಿದ್ದಾಗ, ರೈಲು ಇನ್ನೂ ಬೇಗ ಹೋಗಬಾರದೆ ಎಂದು ಗೊಣಗಿದೆ. ಜೊತೆಗಿದ್ದ ಮೊಮ್ಮಗಳು ಲೆಕ್ಕವನ್ನೇ ಒಡ್ಡಿದಳು: "ತಾತ, ನಿಲ್ದಾಣಗಳ ನಡುವೆ 1200 ಮೀಟರು ಎನ್ನೋಣ. ರೈಲಿನ ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರು. ಎಷ್ಟು ಹೊತ್ತು ಬೇಕು?" ಭಾಗಿಸಿ, 60 ಸೆಕೆಂಡು ಎಂದೆ. "ನಿಂತ ರೈಲು ಒಮ್ಮೆಗೇ ಆ ವೇಗಕ್ಕೆ ಜಿಗಿಯುತ್ತದೆಯೆ?" ಎಂದು ಅವಳು ನಕ್ಕಳು.

ನಾನು ಮರೆತದ್ದು ವೇಗೋತ್ಕರ್ಷವನ್ನು. ವೇಗ ಏರುವ ದರಕ್ಕೆ ಆ ಹೆಸರು. ಅದಕ್ಕೂ ಒಂದು ಮಿತಿಯಿದೆ. ಪ್ರತಿ ಸೆಕೆಂಡಿಗೂ ವೇಗವು ಸೆಕೆಂಡಿಗೆ 1 ಮೀಟರಿನಷ್ಟು ಮಾತ್ರ ಏರಬಹುದು, ಅಷ್ಟೇ ಇಳಿಯಬಹುದು ಎಂದಿಟ್ಟುಕೊಳ್ಳಿ.

ಇಲ್ಲಿ ನೆರವಿಗೆ ಬರುವವನು 14ನೆಯ ಶತಮಾನದ ಫ್ರಾನ್ಸಿನ ವಿದ್ವಾಂಸ ನಿಕೋಲ್ ಒರೆಮ್. ಚಲನೆಯನ್ನು ಆಕೃತಿಯಾಗಿ ಬರೆದು ತೋರಿಸಿದವನು ಅವನು. ಅಡ್ಡಗೆರೆ ಕಾಲ, ನೆಟ್ಟಗೆರೆ ವೇಗ. ಆಕೃತಿಯ ವಿಸ್ತೀರ್ಣವೇ ಕ್ರಮಿಸಿದ ದೂರ. ನಮ್ಮ ರೈಲಿನ ವೇಗ 20 ಸೆಕೆಂಡುಗಳಲ್ಲಿ ಸೊನ್ನೆಯಿಂದ 20ಕ್ಕೆ ಏರುತ್ತದೆ. ಅದು ತ್ರಿಕೋನ, 20ನ್ನು 20ರಿಂದ ಗುಣಿಸಿ ಅರ್ಧಿಸಿದರೆ 200 ಮೀಟರು. ಇಳಿಯುವಾಗಲೂ 20 ಸೆಕೆಂಡು, 200 ಮೀಟರು. ನಡುವೆ ಉಳಿದ 800 ಮೀಟರಿಗೆ 40 ಸೆಕೆಂಡು. ಒಟ್ಟು 80. ಏರಿಳಿತದ ತೆರಿಗೆ 20 ಸೆಕೆಂಡು!

ನಿಲ್ದಾಣಗಳ ನಡುವೆ ಬರಿಯ 100 ಮೀಟರಿದ್ದರೆ? ಆಗ ಸಮತಲವೇ ಇಲ್ಲ, ಏರಿದೊಡನೆ ಇಳಿಯಬೇಕು. ಮೊದಲ 50 ಮೀಟರಿನಲ್ಲಿ ವೇಗ 10ಕ್ಕೆ ಮುಟ್ಟುತ್ತದೆ, ಅಲ್ಲಿಂದ ಇಳುಕಲು. ಒಟ್ಟು 20 ಸೆಕೆಂಡು. ದೂರ 400 ಮೀಟರಾದಾಗಲಷ್ಟೇ ರೈಲು ತನ್ನ ಗರಿಷ್ಠ ವೇಗವನ್ನು ಕ್ಷಣಮಾತ್ರ ಕಾಣುತ್ತದೆ. ಆದ್ದರಿಂದ ಇಂಥ ಲೆಕ್ಕದಲ್ಲಿ ಮೊದಲು ಕೇಳಬೇಕಾದ್ದು, ಶಿಖರವನ್ನು ಮುಟ್ಟಲು ದಾರಿ ಸಾಲುವುದೆ ಎಂಬುದನ್ನು.

ನಾನು ಪಟ್ಟು ಬಿಡಲಿಲ್ಲ. ಗರಿಷ್ಠ ವೇಗವನ್ನು 25 ಮೀಟರಿಗೆ ಏರಿಸಿದರೆ? ಆ 1200 ಮೀಟರಿಗೆ 73 ಸೆಕೆಂಡು. ಉಳಿತಾಯ ಕೇವಲ 7. ವೇಗವನ್ನು ಹಾಗೆಯೇ ಇಟ್ಟು ವೇಗೋತ್ಕರ್ಷವನ್ನು ಇಮ್ಮಡಿಸಿದರೆ? 70 ಸೆಕೆಂಡು; ಉಳಿತಾಯ 10. ಹಾಗಾದರೆ ಅದನ್ನೇ ಮಾಡಬಾರದೇಕೆ ಎಂದೆ. ಮೊಮ್ಮಗಳು ಉತ್ತರಿಸಲಿಲ್ಲ, ಕಂಬಿಯನ್ನು ಹಿಡಿದಿದ್ದ ನನ್ನ ಕೈಯನ್ನು ನೋಡಿದಳು. ಆ ಕ್ಷಣಕ್ಕೆ ರೈಲು ವೇಗ ತಗ್ಗಿಸತೊಡಗಿತು. ನನ್ನ ದೇಹ ಮುಂದಕ್ಕೆ ವಾಲಿತು.

ನಮ್ಮನ್ನು ಬೀಳಿಸುವುದು ವೇಗವಲ್ಲ, ವೇಗದ ಬದಲಾವಣೆ. ಸಮವೇಗದಲ್ಲಿ ಓಡುವ ರೈಲಿನಲ್ಲಿ ಮಗುವೂ ನಿಲ್ಲಬಲ್ಲದು. ಹಠಾತ್ತನೆ ಹೊರಟಾಗ ಜಟ್ಟಿಯೂ ತೂಗಾಡುತ್ತಾನೆ. ವೇಗೋತ್ಕರ್ಷದ ಆ ಮಿತಿ ಯಂತ್ರದ ಅಶಕ್ತಿಯಷ್ಟೇ ಎಂದು ಭಾವಿಸಿದ್ದೆ. ನಿಂತು ಪಯಣಿಸುವ ಮುದುಕನೊಬ್ಬನಿಗಾಗಿಯೂ ಅದನ್ನು ಕಟ್ಟಿದ್ದಾರೆಂದು ಅಂದು ತಿಳಿಯಿತು. ಆ 10 ಸೆಕೆಂಡುಗಳನ್ನು ನಾನೀಗ ನಷ್ಟವೆಂದು ಎಣಿಸುವುದಿಲ್ಲ.